ಹಡಗಿನ ಮಕ್ಕಳ ನೀಲ್ಚೆ ಅತ್ತೆ

ವಾಲ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ನೈಮೇಗನ್ ಊರಿನ ಹಡಗು ಮಕ್ಕಳ ವಸತಿಗೃಹದಲ್ಲಿ ಅಡುಗೆಮನೆಯ ದೀಪವೊಂದೇ ಉರಿಯುತ್ತಿದೆ. ಅರವತ್ತು ದಾಟಿದ ನೀಲ್ಚೆ ಬ್ರಾಂಡ್ಸ್ಮಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ಗಂಟಲು ಗೊಗ್ಗರು ಮಾಡಿಕೊಂಡು ಯಾರನ್ನೋ ಗದರುತ್ತಿದ್ದಾರೆ: “ಇದು ನನ್ನ ಮೂಲೆ. ಕಾಲು ಆಚೆ ಇಡು.” ಎದುರಿಗೆ ಯಾರೂ ಇಲ್ಲ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಪುಸ್ತಕವೊಂದಿದೆ, ಅಷ್ಟೇ. ಸಂಜೆ ಮಕ್ಕಳಿಗೆ ಓದಬೇಕಾದ ಅಧ್ಯಾಯದಲ್ಲಿ ಕಥೆಯ ಕೊಕ್ಕರೆಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಬೆಳಿಗ್ಗೆಯೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ.

“ಹೋದ ವಾರ ಕೊಕ್ಕರೆ ಮೂಗಲ್ಲಿ ಮಾತಾಡ್ತು ಅಂತ ಮಕ್ಕಳು ನನ್ನ ತರಾಟೆಗೆ ತಗೊಂಡ್ರು. ನಂಗೆ ನೆಗಡಿ ಆಗಿತ್ತು ಕಣ್ರಪ್ಪಾ ಅಂದ್ರೆ ಯಾರು ಕೇಳ್ತಾರೆ,” ಎಂದು ನಗುತ್ತಾರೆ.

ಇಲ್ಲಿರುವವರೆಲ್ಲ ಸರಕು ಹಡಗಿನವರ ಮಕ್ಕಳು. ಅಪ್ಪ ಅಮ್ಮಂದಿರು ಮರಳು, ಗೋಧಿ ಹೇರಿಕೊಂಡು ನದಿಯ ಮೇಲೇ ಸಂಸಾರ ಮಾಡುವವರು. ಶಾಲೆಯ ವಯಸ್ಸಿಗೆ ಬಂದ ಮಕ್ಕಳು ದಡ ಹತ್ತಲೇಬೇಕು. ಭಾನುವಾರ ಸಂಜೆ ಬರುತ್ತಾರೆ, ಶುಕ್ರವಾರ ಹಡಗು ಎಲ್ಲಿ ನಿಂತಿದೆಯೋ ಅಲ್ಲಿಗೆ ಹೋಗುತ್ತಾರೆ. ನೀಲ್ಚೆ ಹುಟ್ಟಿದ್ದೂ ಹಡಗಿನಲ್ಲೇ. ಏಳನೇ ವಯಸ್ಸಿಗೆ ಇಂಥದೇ ಮನೆಗೆ ಬಂದು ಬಿದ್ದವರು. ಗಂಡ ತೀರಿಕೊಂಡ ಮೇಲೆ ಬಟ್ಟೆ ಒಗೆಯುವ ಕೆಲಸಕ್ಕೆ ಇಲ್ಲಿ ಸೇರಿದರು. ಒಗೆಯುವ ಕೋಣೆಯ ಬಿಸುಪಿಗೆ ಬಂದು ಕೂರುತ್ತಿದ್ದ ಮಕ್ಕಳನ್ನು ಸುಮ್ಮನಿರಿಸಲು ಒಂದು ಕಾದಂಬರಿ ಓದತೊಡಗಿದರು. ಅದೇ ಮುಂದೆ ಅವರ ಕೆಲಸವಾಯಿತು.

ಆ ಕಾದಂಬರಿಯಲ್ಲಿ, ಇಂಜಿನ್ ಕೆಟ್ಟು ನಿಂತ ಹಳೇ ದೋಣಿಯೊಳಗೆ ಒಂದು ಕೊಕ್ಕರೆ, ಒಂದು ನೀರುನಾಯಿ ಚಳಿಗಾಲ ಪೂರ್ತಿ ಒಟ್ಟಿಗೆ ಇರಬೇಕಾಗಿ ಬರುತ್ತದೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಕಥೆ ಇಷ್ಟೇ. ಇದರಲ್ಲೇ ಮಕ್ಕಳು ಓದಲು ಕಲಿಯುತ್ತಾರೆ, ಚಿತ್ರ ಬರೆಯುತ್ತಾರೆ, ಮುನಿಸು ಬಿಡಿಸಿಕೊಳ್ಳುತ್ತಾರೆ. ಉದ್ದದ ಪದಗಳನ್ನು ಒಡೆದು ಓದಿಸುವುದನ್ನು ನೀಲ್ಚೆಗೆ ಹೇಳಿಕೊಟ್ಟವರು ಶಾಲೆಯ ಮೇಷ್ಟ್ರು ಟರ್ಪ್‌ಸ್ಟ್ರಾ. “ಆ ಪುಣ್ಯಾತ್ಮ ವಾರಕ್ಕೊಂದು ಸಲ ಶಾಲೆ ಮುಗಿಸಿ ಇಲ್ಲಿಗೆ ಬರ್ತಿದ್ರು. ಒಂದು ಕಪ್ ಕಾಫಿ ಬಿಟ್ರೆ ಏನೂ ಮುಟ್ತಿರ್ಲಿಲ್ಲ,” ಎಂದು ನೆನೆಯುತ್ತಾರೆ.

ಹೋದ ಶರತ್ಕಾಲದಲ್ಲಿ ಎಂಟು ವರ್ಷದ ಫೆನ್ನಾ ಬಂದಳು. ಅವಳಿಗೆ ಓದಲು ಬಾರದು. ಪಕ್ಕದವರು ಓದಿದ್ದನ್ನು ನೆನಪಿಟ್ಟುಕೊಂಡು ಒಪ್ಪಿಸಿ ಹೇಗೋ ದಿನ ತಳ್ಳುತ್ತಿದ್ದಳು. ಒಂದು ಸಂಜೆ ಅವಳು ಬೇರೆ ಪುಟ ತೆರೆದಿಟ್ಟುಕೊಂಡು ಓದುತ್ತಿದ್ದುದನ್ನು ಯೋರಿಟ್ ಎಂಬ ಹುಡುಗ ಕಂಡು ಜೋರಾಗಿ ನಕ್ಕ. ಫೆನ್ನಾ ಅವನ ಕೈ ಕಚ್ಚಿದಳು, ರಕ್ತ ಬರುವಂತೆ. ಅದು ಮೊದಲ ಸಲವೂ ಅಲ್ಲ. ಈ ಮಗು ಇಲ್ಲಿಗೆ ಹೊಂದುವುದಿಲ್ಲ, ಬೇರೆ ಕಡೆ ಕಳಿಸೋಣ ಎಂಬ ಮಾತು ಮೇಲಿನವರಲ್ಲಿ ಎದ್ದಿತು. ನೀಲ್ಚೆ ವಸಂತದವರೆಗೆ ಗಡುವು ಬೇಡಿಕೊಂಡರು.

ಮರುದಿನ ಇಬ್ಬರನ್ನೂ ಕೂರಿಸಿ ನಡುವೆ ಒಂದೇ ಹಾಳೆ ಇಟ್ಟರು. ಕೊಕ್ಕರೆ, ನೀರುನಾಯಿ ಜಗಳವಾಡುವ ಚಿತ್ರ ಬರೆಯಬೇಕು. ಬರೆಯುವವನು ಯೋರಿಟ್, ನೀರುನಾಯಿ ಹೇಗಿರಬೇಕೆಂದು ಹೇಳುವವಳು ಫೆನ್ನಾ. ಆಮೇಲೆ ಕೊಕ್ಕರೆಯ ಸರದಿಗೆ ಅದಲು ಬದಲು.

ಯೋರಿಟ್ ಹಲ್ಲು ಕಿರಿದ ನೀರುನಾಯಿ ಬರೆದ.

“ಕಣ್ಣು ಸರಿ ಇಲ್ಲ. ಅದಕ್ಕೆ ಸಿಟ್ಟು ಬಂದಿಲ್ಲ, ಹೆದರಿದೆ,” ಎಂದಳು ಫೆನ್ನಾ.

“ಹೆದರಿದ್ರೆ ಹಲ್ಲು ಯಾಕೆ ತೋರಿಸುತ್ತೆ?”

“ನಾನೂ ಹಂಗೇ ಅಲ್ವಾ ಮಾಡೋದು.”

ಯೋರಿಟ್ ಬ್ಯಾಂಡೇಜು ಸುತ್ತಿದ ಕೈ ನೋಡಿಕೊಂಡ. ಕಣ್ಣು ಅಳಿಸಿ ದೊಡ್ಡದಾಗಿ ಬರೆದ. “ಇಷ್ಟು ಸಾಕಾ?” ಎಂದು ಕೇಳಿದ. “ಇನ್ನೂ ಸ್ವಲ್ಪ,” ಎಂದಳು. ಅಂದಿನ ಕ್ಷಮೆ ಕೇಳುವ ಶಾಸ್ತ್ರ ಅಷ್ಟಕ್ಕೇ ಮುಗಿಯಿತು.

ನೀರುನಾಯಿಯ ಮಾತುಗಳನ್ನು ಓದುವ ಕೆಲಸ ಅಂದಿನಿಂದ ಫೆನ್ನಾಳಿಗೆ ಬಂತು. ಆ ಪ್ರಾಣಿಗೆ ಮಾತು ಕಡಿಮೆ. “ಬೇಡ.” “ಹೋಗು.” “ಮೀನು ನನ್ನದು.” ಓದಿಗೆ ಹೊಸಬರಾದವರಿಗೆ ಹೇಳಿ ಮಾಡಿಸಿದ ಪಾತ್ರ. ಅಧ್ಯಾಯಗಳು ಮುಂದೆ ಹೋದಂತೆ ನೀರುನಾಯಿಯ ಮಾತು ಉದ್ದವಾಯಿತು, ಫೆನ್ನಾಳ ಓದೂ ಉದ್ದವಾಯಿತು. ಅವಳು ಎಡವಿದರೆ ಯೋರಿಟ್ ಮೇಜಿನ ಕೆಳಗೆ ಕಾಲಿನಿಂದ ತಟ್ಟಿ ಮೊದಲ ಅಕ್ಷರ ಪಿಸುಗುಟ್ಟುತ್ತಿದ್ದ.

ಮಾರ್ಚಿನ ಒಂದು ಬುಧವಾರ ಹಡಗಿನಿಂದ ಅಪ್ಪ ಹಾರ್ಮೆನ್ ಫೋನ್ ಮಾಡಿದಾಗ ಫೆನ್ನಾ ಪುಸ್ತಕ ತೆರೆದು ಒಂದು ಇಡೀ ಪುಟ ಓದಿದಳು.

“ಅಪ್ಪಾ, ಲೈನ್ ಹೋಯ್ತಾ?”

“ಇಲ್ಲ ಮಗಳೇ. ಇನ್ನೊಂದು ಸಲ ಓದು. ನಿಮ್ಮಮ್ಮನ್ನೂ ಕರೀತೀನಿ.”

ಆ ಶುಕ್ರವಾರ ಹಾರ್ಮೆನ್ ಹೊಗೆಯಲ್ಲಿ ಒಣಗಿಸಿದ ಹಾವುಮೀನಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನಿಮಗೆ ಏನು ಕೊಟ್ರೂ ಕಡಿಮೇನೇ ನೀಲ್ಚೆ ಅವ್ರೇ,” ಎಂದರು. “ನನಗೂ ಓದು ಅಷ್ಟಕ್ಕಷ್ಟೇ. ನನ್ನ ಹಂಗೇ ಆಗಿಬಿಡ್ತಾಳೆ ಅಂದ್ಕೊಂಡಿದ್ದೆ.” ನೀಲ್ಚೆ ಪೊಟ್ಟಣ ಮೂಸಿ, “ಯೋರಿಟ್‌ಗೂ ಒಂದು ತುಂಡು ಕೊಡಬೇಕು. ಅರ್ಧ ಮೇಷ್ಟ್ರು ಅವನೇ,” ಎಂದರು. ಫೆನ್ನಾಳನ್ನು ಬೇರೆ ಕಡೆ ಕಳಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಈ ಬೇಸಿಗೆಗೆ ನೀಲ್ಚೆ ನಿವೃತ್ತರಾಗುತ್ತಾರೆ. ಬೀಳ್ಕೊಡುಗೆಗೆ ಏನು ಬೇಕು ಎಂದು ಕೇಳಿದರೆ ಕೈಯಲ್ಲಿನ ಬಟ್ಟೆಯಿಂದ ಮೇಜು ಒರೆಸುತ್ತಾರೆ.

“ಚಿಕ್ಕವಳಿದ್ದಾಗ ನಂಗೆ ಯಾರೂ ಕಥೆ ಓದಿ ಹೇಳಿಲ್ಲ,” ಎನ್ನುತ್ತಾರೆ. “ಓದೋದು ಯಾವಾಗ್ಲೂ ನಾನೇ. ಒಂದು ಸಲ ಸುಮ್ನೆ ಕಾಲು ಚಾಚಿ ಕೂತು, ಬೇರೆಯವರು ಓದೋದನ್ನ ಮೊದಲಿಂದ ಕೊನೇವರೆಗೆ ಕೇಳಬೇಕು.”

ತಿಂಡಿಗೆ ಬಂದ ಫೆನ್ನಾಳ ಕಿವಿಗೆ ಇದು ಬೀಳುತ್ತದೆ. ಬ್ರೆಡ್ಡಿನ ಮೇಲೆ ಚಾಕೊಲೇಟ್ ಪುಡಿ ಉದುರಿಸಿಕೊಳ್ಳುತ್ತಾ ಯೋಚಿಸುತ್ತಾಳೆ.

“ನಾನು ಓದ್ತೀನಿ ಅತ್ತೆ. ಆದ್ರೆ ನೀವು ಮಧ್ಯ ಬಾಯಿ ಹಾಕಬಾರ್ದು.”

“ಹಾಕಲ್ಲ,” ಎನ್ನುತ್ತಾರೆ ನೀಲ್ಚೆ. ಕುರ್ಚಿ ಎಳೆದುಕೊಂಡು ಕೂರುತ್ತಾರೆ.