ಆರ್ಡೆಲ್ಲಾಳ ಸವೆದ ರೆಕಾರ್ಡುಗಳು

ಆರ್ಡೆಲ್ಲಾ ಮೇಬ್ರಿ ಒಮ್ಮೆ ‘ಇಲ್ಲ’ ಅಂದರೆ ಮುಗಿಯಿತು. ನಮ್ಮ ಮೆಂಫಿಸ್‌ನಲ್ಲಿ ನದಿ ದಂಡೆ ಮೀರಿ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಅವಳು ಮಾತು ಬದಲಿಸಿದ್ದನ್ನು ನೋಡಿದ್ದು ಒಂದೇ ಸಲ. ಆ ಒಂದು ಸಲದ ಕತೆಯನ್ನೇ ಈಗ ಹೇಳಲು ಕೂತಿದ್ದೇನೆ. ಇದರಲ್ಲಿ ನನ್ನ ಮಾನವೂ ಸ್ವಲ್ಪ ಹೋಗುತ್ತದೆ. ಎಪ್ಪತ್ತಾರು ವರ್ಷದವನಿಗೆ ಮಾನ ಇಟ್ಟುಕೊಂಡು ಆಗಬೇಕಾದ್ದೇನು, ಹೋಗಲಿ.

ನನ್ನ ಹೆಸರು ಕ್ಲಿಯೋತಾ ವಿನ್‌ಫೀಲ್ಡ್. ಹ್ಯಾಸ್ಕೆಟ್ ಬೀದಿಯಲ್ಲಿ ನನ್ನ ಕ್ಷೌರದ ಅಂಗಡಿ ಇತ್ತು. ಮೇಲೆ ನಮ್ಮ ಮನೆ, ಎದುರಿಗೆ ಪೆಟಿಗ್ರೂವಿನ ಬಾರು. ಈಗ ಬೀದಿಯೂ ಇಲ್ಲ, ಬಾರೂ ಇಲ್ಲ, ನನ್ನ ತಲೆಯ ಮೇಲೆ ಕೂದಲೂ ಇಲ್ಲ. ಅರವತ್ತಾರನೇ ಇಸವಿಯಲ್ಲಿ ಹೆದ್ದಾರಿ ಬರುತ್ತದೆಂದು ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕೆಡವಿಬಿಟ್ಟರು. ನಾವೆಲ್ಲ ದಿಕ್ಕಿಗೊಬ್ಬರಾದೆವು.

ಆ ಕಾಲದಲ್ಲಿ ಆರ್ಡೆಲ್ಲಾ ಒಂದು ಬೂದು ಬಣ್ಣದ ವ್ಯಾನು ಓಡಿಸಿಕೊಂಡು ಹತ್ತೊಂಬತ್ತು ಬಾರು, ಹೋಟೆಲುಗಳನ್ನು ಸುತ್ತುತ್ತಿದ್ದಳು. ಅಲ್ಲಿದ್ದ ಜ್ಯೂಕ್‌ಬಾಕ್ಸುಗಳಿಗೆ, ಅಂದರೆ ಕಾಸು ಹಾಕಿದರೆ ಹಾಡುವ ಮಷೀನುಗಳಿಗೆ, ಹೊಸ ರೆಕಾರ್ಡು ತುಂಬುವುದು, ಹಳೆಯದನ್ನು ತೆಗೆಯುವುದು ಅವಳ ಕೆಲಸ. ಹೋಗುತ್ತಿದ್ದದ್ದು ಬೆಳಗಿನ ಹೊತ್ತು, ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ನೆಲ ಒರೆಸುವ ಸಮಯದಲ್ಲಿ. ಅವಳು ಕುಡಿಯುವವಳಲ್ಲ, ಕುಣಿಯುವವಳಲ್ಲ. ಚರ್ಚಿನಲ್ಲಿ ಮೊದಲ ಸಾಲು. ಸಂಜೆ ಎಂಟಕ್ಕೆಲ್ಲ ರೈಲು ಹಳಿಯ ಆಚೆ ಚಿಕ್ಕಮ್ಮನ ಮನೆಯಲ್ಲಿ ಮುಸುಕೆಳೆದು ಮಲಗುವವಳು. ಅಂಥವಳು ಊರಿಗೆಲ್ಲ ಬ್ಲೂಸ್ ಎಂಬ ಬಾರಿನ ಹಾಡು ಹಂಚುತ್ತಿದ್ದಳು!

ತೆಗೆದ ರೆಕಾರ್ಡುಗಳನ್ನು ಎಸೆಯದೆ ಮನೆಗೆ ತರುತ್ತಿದ್ದಳು. ಪ್ರತಿಯೊಂದರ ಕಾಗದದ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಯಾವ ಅಂಗಡಿ, ಯಾವ ವರ್ಷ ಎಂದು ಬರೆಯುತ್ತಿದ್ದಳು. ಮುಳ್ಳು ಓಡಿ ಓಡಿ ಕಪ್ಪು ರೆಕಾರ್ಡು ಬೂದಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಅವಳಲ್ಲಿ ಹೆಚ್ಚು ಮರ್ಯಾದೆ. “ಜನ ಬಾಯಲ್ಲಿ ಹೇಳೋದನ್ನ ನಂಬಬೇಡ ಕ್ಲಿಯೋತಾ. ಕೇಳಿದ್ರೆ ಎಲ್ರೂ ಭಜನೆನೇ ಇಷ್ಟ ಅಂತಾರೆ. ಯಾವುದು ಸವೆದಿದೆ ನೋಡು, ಅದು ಸುಳ್ಳು ಹೇಳಲ್ಲ,” ಎನ್ನುತ್ತಿದ್ದಳು. ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದಳು.

ತೊಂಬತ್ತೆಂಟರ ಚಳಿಗಾಲದಲ್ಲಿ ಇಮಾನಿ ಗ್ರೇವ್ಸ್ ಎಂಬ ಹೆಂಗಸು ನಮ್ಮನ್ನೆಲ್ಲ ಹುಡುಕಿಕೊಂಡು ಬಂದಳು. ಓಹಾಯೋ ಕಡೆಯವಳು, ಗ್ರಂಥಾಲಯವೊಂದರಲ್ಲಿ ಹಳೆಯ ಕಾಗದಪತ್ರ ಕಾಯುವ ಕೆಲಸ. ನಮ್ಮ ಬೀದಿಯ ಔಷಧಿ ಅಂಗಡಿಯ ಡಾಕರ್ ಎಂಬುವವನಿಗೆ ಸಿನಿಮಾ ಕ್ಯಾಮೆರಾದ ಹುಚ್ಚಿತ್ತು. ಹದಿನೈದು ವರ್ಷ ಅವನು ತೆಗೆದದ್ದೆಲ್ಲ ಅವನ ಮಗಳ ಗ್ಯಾರೇಜಿನಲ್ಲಿ ಸಿಕ್ಕಿತ್ತು. ಸದ್ದಿಲ್ಲದ ಚಿತ್ರ. ಯಾವುದೋ ದೂರದ ಊರಿನವರು ಅದನ್ನು ಜೋಡಿಸಿ ನಲವತ್ತು ನಿಮಿಷಕ್ಕಿಳಿಸಿ, ಉದ್ದಕ್ಕೂ ಪಿಯಾನೋ ಸೇರಿಸಿ ಕಳಿಸಿದ್ದರು.

ಚರ್ಚಿನ ಹಾಲಿನಲ್ಲಿ ನಾಲ್ಕೈದು ಮಂದಿ ಕೂತು ನೋಡಿದೆವು. ಈಸ್ಟರ್ ದಿನ ಹೊಸ ಟೋಪಿ ಹಾಕಿಕೊಂಡ ಮಕ್ಕಳು, ಶನಿವಾರದ ಮೀನಂಗಡಿ, ನನ್ನ ಅಂಗಡಿ, ಅದರ ಬಾಗಿಲಲ್ಲಿ ತಲೆ ತುಂಬ ಕೂದಲಿದ್ದ ನಾನು. ಬೀದಿಯಲ್ಲಿ ನಡೆದ ಒಂದು ಮದುವೆ. ಕೊನೆಗೆ ಕ್ರೇನು, ಅರ್ಧ ಬಿದ್ದ ಗೋಡೆ, ಖಾಲಿ ಮಣ್ಣು. ಎಲ್ಲದಕ್ಕೂ ಒಂದೇ ಪಿಯಾನೋ, ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕಿದ ಹಾಗೆ.

ದೀಪ ಹತ್ತಿದ ಕೂಡಲೇ ಆರ್ಡೆಲ್ಲಾ ಎದ್ದು ನಿಂತಳು. “ಯಾರಮ್ಮಾ ಸತ್ತಿದ್ದು?”

“ಅಂದ್ರೆ?” ಎಂದಳು ಇಮಾನಿ.

“ಮೀನು ಕೊಳ್ಳೋಳು ನಗ್ತಿದಾಳೆ. ಮಕ್ಕಳು ಕುಣೀತಿದಾವೆ. ಈ ಪಿಯಾನೋದವನು ಮಾತ್ರ ಮೊದಲ್ನೇ ನಿಮಿಷದಿಂದ ಹೆಣ ಮುಂದಿಟ್ಕೊಂಡು ಕೂತಂಗೆ ಅಳ್ತಿದಾನೆ. ನಾವು ಹಿಂಗಿರ್ಲಿಲ್ಲ. ಈ ಚಿತ್ರಕ್ಕೆ ಬೇರೆ ಸಂಗೀತ ನಾನು ಕೊಡ್ತೀನಿ.”

“ಅದು ಆಗ್ಲೇ ಮುಗಿದ ಕೆಲಸ ಆರ್ಡೆಲ್ಲಮ್ಮಾ...”

“ನೀನು ಹುಟ್ಟೋ ಮೊದ್ಲೇ ಇದರ ಸಂಗೀತ ಮುಗ್ದಿತ್ತು. ನನ್ನ ಮನೆ ಅಲ್ಮೇರದಲ್ಲಿದೆ.”

ಇಮಾನಿ ಒಳ್ಳೆಯವಳು. ಮೇಲಿನವರ ಹತ್ತಿರ ಹೋರಾಡಿ ಒಂದು ದಾರಿ ಮಾಡಿಸಿದಳು. ಹಕ್ಕು, ಒಪ್ಪಿಗೆ ಎಲ್ಲ ತಾನೇ ನೋಡಿಕೊಳ್ಳುತ್ತೇನೆಂದಳು. ಆರ್ಡೆಲ್ಲಾಳ ಸಂಗೀತ ಹಾಕಿ ಹ್ಯಾಸ್ಕೆಟ್ ಬೀದಿಯ ಹಳಬರಿಗೆ ಚಿತ್ರ ತೋರಿಸುವುದು. ಗ್ರಂಥಾಲಯದ ಸಮಿತಿಯ ಇಬ್ಬರು ಬಂದು ನೋಡುತ್ತಾರೆ. ಬೀದಿಯವರು ‘ಇದು ನಮ್ಮದು’ ಎಂದರೆ ಆ ಸಂಗೀತವೇ ಚಿತ್ರದ ಜೊತೆ ಉಳಿಯುತ್ತದೆ. ಇಲ್ಲವಾದರೆ ಪಿಯಾನೋ, ಎಂದೆಂದಿಗೂ. ನಾವೆಲ್ಲ ಹೋದ ಮೇಲೆ ಯಾರಾದರೂ ನಮ್ಮ ಬೀದಿಯನ್ನು ನೋಡಬೇಕೆಂದರೆ ಆ ಪಿಯಾನೋ ಕೇಳಿಕೊಂಡೇ ನೋಡಬೇಕು.

ಆರ್ಡೆಲ್ಲಾ ಊಟ ನಿದ್ದೆ ಬಿಟ್ಟು ಕೂತಳು. ಅವಳದು ಒಂದೇ ನಿಯಮ: ಆ ವರ್ಷ, ಆ ಬೀದಿಯಲ್ಲಿ ನಿಜವಾಗಿ ಸವೆದ ರೆಕಾರ್ಡೇ ಆಗಬೇಕು. ನನ್ನನ್ನು ಸಾಕ್ಷಿಗೆಂದು ಕರೆಸಿಕೊಂಡಿದ್ದಳು, ಸಲಹೆಗಲ್ಲ. ಈಸ್ಟರಿಗೆ ಆರ್ಗನ್ ನುಡಿಸುವ ಜ್ಯಾಝ್ ತಂಡ ಇಟ್ಟಳು. ಮೀನಂಗಡಿಗೆ ಬ್ಲೂಸ್. “ಮೀನಿಗ್ಯಾಕೆ ಅಳು ಹಾಡು?” ಎಂದು ನಾನು ಬಾಯಿಬಿಟ್ಟೆ.

“ಬ್ಲೂಸ್ ಅಂದ್ರೆ ಅಳೋದು ಅಂತ ನಿಂಗ್ಯಾರು ಹೇಳಿದ್ದು? ನಮ್ಮಮ್ಮ ಬ್ಲೂಸ್ ಹಾಕ್ಕೊಂಡೇ ಹಿಟ್ಟು ನಾದ್ತಿದ್ದಿದ್ದು. ಸುಮ್ನೆ ಕೂತ್ಕೊ.”

ನನ್ನ ಅಂಗಡಿಯ ಭಾಗಕ್ಕೆ ‘ಸೋಲ್’ ಎಂಬ ಆಮೇಲಿನ ಧಾಟಿಯ ಹಾಡೊಂದನ್ನು ಸೂಚಿಸಿದೆ. ಆ ಗಾಯಕಿಯ ದನಿ ಕೇಳಿದರೆ ನಾನು ಕತ್ತರಿ ಕೆಳಗಿಟ್ಟುಬಿಡುತ್ತಿದ್ದೆ. ಆರ್ಡೆಲ್ಲಾ ಲಕೋಟೆ ನೋಡಿ ಪಕ್ಕಕ್ಕಿಟ್ಟಳು. “ಇದು ಬಂದಿದ್ದು ಅರವತ್ನಾಲ್ಕರಲ್ಲಿ. ಚಿತ್ರದಲ್ಲಿ ನಿನ್ನ ತಲೆ ಮೇಲೆ ಕೂದಲಿದೆ. ಅಲ್ಲಿಗೆ ಐವತ್ತಾರನೇ ಇಸವಿ ದಾಟಿಲ್ಲ.” ಕೊನೆಯ ಕ್ರೇನಿನ ಭಾಗಕ್ಕೆ ಏನು ಎಂದು ಕೇಳಿದರೆ ಕಡ್ಡಿ ಮುರಿದಂತೆ ಹೇಳಿದಳು: “ಏನೂ ಇಲ್ಲ. ಬೀದಿ ಕೆಡವೋ ಯಂತ್ರಕ್ಕೆ ನನ್ನ ಒಂದು ಹಾಡೂ ಕೊಡಲ್ಲ.”

ಉಳಿದದ್ದು ಮದುವೆ. ಅದಕ್ಕೆಂದು ಅವಳು ಒಂದೇ ರೆಕಾರ್ಡಿನ ನಾಲ್ಕು ಪ್ರತಿ ಮುಂದಿಟ್ಟಳು. ನಮ್ಮೂರಿನದೇ ಒಂದು ಸಣ್ಣ ತಂಡ ನುಡಿಸಿದ್ದು. ಮಾತಿಲ್ಲ, ಬರೀ ಸ್ಯಾಕ್ಸೋಫೋನು, ನಿಧಾನ, ಜೇನು ಸುರಿದ ಹಾಗೆ. ನಾಲ್ಕೂ ಬೂದಿ. ನಾಲ್ಕೂ ಪೆಟಿಗ್ರೂವಿನ ಬಾರಿನವು.

“ನೋಡು ಕ್ಲಿಯೋತಾ. ಬೇರೆ ಹದಿನೆಂಟು ಅಂಗಡಿಯಲ್ಲಿ ಇದನ್ನ ಯಾರೂ ಮುಟ್ಟಿಲ್ಲ. ನಮ್ಮ ಬೀದಿಲಿ ಮಾತ್ರ ನಾಲ್ಕು ಸವೆದವೆ! ಎಷ್ಟು ಜೋಡಿ ಇದಕ್ಕೆ ಕುಣಿದಿರ್ಬೇಕು!” ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು.

ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು. ಆ ರೆಕಾರ್ಡು ಯಾಕೆ ಸವೆಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪಕ್ಕದಲ್ಲಿ ನನ್ನ ಹೆಂಡತಿ ವರ್ನೀಸ್ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಗುರುವಾರ ಗುರುವಾರ ಚರ್ಚಿನ ಹಾಡಿನ ಅಭ್ಯಾಸವಿದೆ ಎಂದು ಹದಿನಾಲ್ಕು ವರ್ಷ ಅವಳಿಗೆ ಹೇಳಿದವನು ನಾನು. ಈಗ ಚರ್ಚಿನ ಹಿರಿಯ, ಕುಡಿತದ ವಿರುದ್ಧ ಭಾಷಣ ಮಾಡುವವನು. ಬಾಯಿಗೆ ಕಡಲೆಕಾಯಿ ತುಂಬಿಕೊಂಡೆ.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಚರ್ಚಿನ ಹಾಲ್ ತುಂಬಿತು. ಎಂಬತ್ತು ಮಂದಿ, ಎಲ್ಲ ಹ್ಯಾಸ್ಕೆಟ್ ಬೀದಿಯವರೇ. ಚಿತ್ರ ಶುರುವಾಯಿತು. ಆರ್ಗನ್ ಬಂದೊಡನೆ “ಹೌದು!” ಎಂದು ಯಾರೋ ಕೂಗಿದರು. ಮೀನಂಗಡಿ ಬಂದಾಗ ಚಪ್ಪಾಳೆ ಬಿತ್ತು. ಹಿಂದೆ ಕೂತಿದ್ದ ಸಮಿತಿಯ ಇಬ್ಬರೂ ಕಾಲಲ್ಲಿ ತಾಳ ಹಾಕುತ್ತಿದ್ದರು. ಆಮೇಲೆ ಮದುವೆ ಬಂತು, ಸ್ಯಾಕ್ಸೋಫೋನು ಎತ್ತಿಕೊಂಡಿತು.

ಮುಂದಿನ ಸಾಲಿನ ಮುದುಕನೊಬ್ಬ ಎದ್ದು ಟೋಪಿಗೆ ಕೈ ಹಾಕಿದ. ಅವನ ಪಕ್ಕದವನೂ ಎದ್ದ. ಒಂದೇ ನಿಮಿಷದಲ್ಲಿ ಅರ್ಧ ಹಾಲು ಎದ್ದು ನಿಂತು ಕೋಟಿನ ತೋಳು ಹುಡುಕುತ್ತಿತ್ತು. ಹೆಂಗಸರೂ ಎದ್ದರು. ಅದು ಮಾತ್ರ ನನಗೆ ಅರ್ಥವಾಗಲಿಲ್ಲ, ಅವರಲ್ಲಿ ಎಷ್ಟೋ ಜನ ಪೆಟಿಗ್ರೂವಿನ ಹೊಸ್ತಿಲು ತುಳಿದವರಲ್ಲ. ನೋಡಿದರೆ ನಾನೂ ಎದ್ದಿದ್ದೆ, ನನ್ನ ಕಾಲು ನನ್ನನ್ನು ಕೇಳಿಯೇ ಇರಲಿಲ್ಲ.

ಇಮಾನಿಯ ಮುಖ ಬಿಳಿಚಿಕೊಂಡಿತು. “ಇವ್ರಿಗೆ ಇಷ್ಟ ಆಗ್ಲಿಲ್ಲ ಅನ್ಸುತ್ತೆ, ಎದ್ದು ಹೋಗ್ತಿದಾರೆ,” ಎಂದು ಪಿಸುಗುಟ್ಟಿ ಚಿತ್ರ ನಿಲ್ಲಿಸಿದಳು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪುಸ್ತಕ ಮುಚ್ಚಿದರು. ಆರ್ಡೆಲ್ಲಾ ಹಾಲಿನ ಮಧ್ಯೆ ಬಂದು ನಿಂತಳು. ಐವತ್ತು ವರ್ಷದಲ್ಲಿ ಅವಳ ಗಲ್ಲ ಅದುರಿದ್ದನ್ನು ನಾನು ನೋಡಿರಲಿಲ್ಲ.

“ಏನಾಯ್ತು? ಎಲ್ಲಿ ತಪ್ಪು ಮಾಡ್ದೆ? ಹೇಳ್ರಪ್ಪಾ!”

ಗಂಡಸರೆಲ್ಲ ಸೂರು ನೋಡಿದರು. ಚರ್ಚಿನ ಹಾಲಿನಲ್ಲಿ, ಹೆಂಡತಿಯರ ಎದುರು ಯಾರು ಹೇಳುತ್ತಾರೆ? ಕುಂಬಳಕಾಯಿ ಕಳ್ಳ ಅಂದರೆ ಅಲ್ಲಿದ್ದವರೆಲ್ಲ ಹೆಗಲು ಮುಟ್ಟಿಕೊಳ್ಳುವವರೇ. ಆದರೆ ನನಗೆ ಆ ಗಲ್ಲ ನೋಡಲಾಗಲಿಲ್ಲ.

“ಅದು ಪೆಟಿಗ್ರೂ ಬಾರು ಮುಚ್ಚೋ ರೆಕಾರ್ಡು ಕಣಮ್ಮ,” ಎಂದೆ. “ಹೊರಗೆ ಹೋಗಿ ಅಂತ ಅವ್ನು ಯಾವತ್ತೂ ಬಾಯಿಬಿಟ್ಟು ಅಂದವನಲ್ಲ. ಅದನ್ನ ಹಾಕ್ತಿದ್ದ. ಮುಗಿಯೋದ್ರೊಳಗೆ ಕೋಟು ಹಾಕ್ಕೊಂಡು ಬಾಗ್ಲು ದಾಟ್ಬೇಕು. ದಿನಾ ಹಂಗೇ. ಅದಕ್ಕೇ ಸವೆದಿದ್ದು. ಕುಣಿದು ಅಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಹಾಲೆಲ್ಲ ನಕ್ಕಿತು ನೋಡಿ, ಕಿಟಕಿ ಗಾಜು ಅಲುಗುವಂತೆ. ಆ ನಗುವಿನ ನಡುವೆ ವರ್ನೀಸಳ ದನಿ ಕೇಳಿತು: “ಓಹೋ, ಚರ್ಚಿನ ಅಭ್ಯಾಸದಲ್ಲಿ ಸ್ಯಾಕ್ಸೋಫೋನೂ ಇತ್ತೇನಪ್ಪಾ?”

ಆರ್ಡೆಲ್ಲಾ ಮಾತ್ರ ನಗಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದಳು. “ಮೂರು ವಾರ ನನ್ನ ಪಕ್ಕ ಕೂತಿದ್ಯಲ್ಲೋ. ಗೊತ್ತಿದ್ದೂ ನನ್ನ ಬೀದಿ ಹೆಸರಲ್ಲಿ ಸುಳ್ಳು ಹೇಳೋಕೆ ಬಿಟ್ಯಾ?”

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಹೆಂಡತಿಗೆ ಸುಳ್ಳು ಹೇಳಿದಾಗಲೂ ಅಷ್ಟು ನಾಚಿರಲಿಲ್ಲ. ಅವಳು ಸಮಿತಿಯವರತ್ತ ತಿರುಗಿ, “ಇನ್ನೊಂದು ಶನಿವಾರ ಕೊಡಿ. ಕೊಡಲ್ಲ ಅಂದ್ರೂ ತಗೊಳ್ತೀನಿ,” ಎಂದಳು. ಕೊಟ್ಟರು.

ಆ ವಾರ ಅವಳು ನನ್ನ ಜೊತೆ ಮಾತು ಬಿಟ್ಟಳು. ಬುಧವಾರ ಮಾತ್ರ ಫೋನು ಮಾಡಿದಳು, ಹಲೋ ಕೂಡ ಇಲ್ಲ. “ಪೆಟಿಗ್ರೂವನ್ನ ಖಾಲಿ ಮಾಡಿಸಿದ್ದು ಯಾವ ಹೊತ್ತಲ್ಲಿ?”

“ಸೋಮವಾರ ಬೆಳಿಗ್ಗೆ. ನಾನು ಒಬ್ಬರಿಗೆ ಗಡ್ಡ ಹೆರೀತಿದ್ದೆ. ಕೆಡವೋರು ಬಂದು ಹಾಡಿನ ಮಷೀನನ್ನೇ ಬೀದಿಗೆ ತಂದಿಟ್ರು.”

“ಹಂಗಾದ್ರೆ ಕೊನೇ ಸಲ ಆ ರೆಕಾರ್ಡು ಹಾಕ್ಲಿಲ್ಲ.”

“ಎಲ್ಲಿ ಹಾಕ್ತಾನೆ? ಹಾಕೋಕೆ ಬಿಡ್ಲಿಲ್ಲ.” ಅವಳು ಫೋನಿಟ್ಟಳು.

ಮುಂದಿನ ಶನಿವಾರ ಎಂಬತ್ತು ಹೋಗಿ ನೂರಿಪ್ಪತ್ತು ಜನ ಬಂದಿದ್ದರು. ಮದುವೆಗೆ ಈ ಸಲ ಒಂದು ತುಂಟ ಸೋಲ್ ಹಾಡು, ಅದಕ್ಕೆ ಇಬ್ಬರು ಮುದುಕಿಯರು ಎದ್ದು ಕುಣಿದೇಬಿಟ್ಟರು. ಆಮೇಲೆ ಕ್ರೇನು ಬಂತು. ಸದ್ದಿರುವುದಿಲ್ಲ ಎಂದುಕೊಂಡಿದ್ದೆ. ಅರ್ಧ ಬಿದ್ದ ಗೋಡೆಯ ಮೇಲೆ, ಮೊದಲು ಸವೆದ ರೆಕಾರ್ಡಿನ ಕೊರಕೊರ, ಆಮೇಲೆ ಆ ಸ್ಯಾಕ್ಸೋಫೋನು.

ಆರ್ಡೆಲ್ಲಾ ಮಾತು ಬದಲಿಸಿದ್ದಳು. ಯಂತ್ರಕ್ಕೆ ಹಾಡು ಕೊಟ್ಟಿರಲಿಲ್ಲ. ಬೀದಿಯನ್ನು ಯಂತ್ರದ ಕೈಯಿಂದ ಕಿತ್ತು, ಮುಚ್ಚಬೇಕಾದ ಪೆಟಿಗ್ರೂವಿನ ಕೈಗೆ ಕೊಟ್ಟಿದ್ದಳು.

ಎಲ್ಲರೂ ಎದ್ದರು. ಯಾರೂ ನಗಲಿಲ್ಲ. ಕೋಟು ಹಾಕಿಕೊಂಡರು, ಗುಂಡಿ ಹಾಕಿಕೊಂಡರು, ಟೋಪಿ ಇಟ್ಟುಕೊಂಡರು. ಆದರೆ ಯಾರೂ ಬಾಗಿಲ ಕಡೆ ಹೋಗಲಿಲ್ಲ. ರೆಕಾರ್ಡು ಮುಗಿಯುವವರೆಗೂ ಖಾಲಿ ಮಣ್ಣನ್ನು ನೋಡುತ್ತಾ ನಿಂತರು. ಸಮಿತಿಯವರೂ ನಿಂತರು. ನನಗೆ ಅಳು ಬಂತು, ತಡೆಯಲಿಲ್ಲ.

ಕೋಟಿನ ತೋಳು ಸಿಗದೆ ಒದ್ದಾಡುತ್ತಿದ್ದಾಗ ವರ್ನೀಸ್ ಹಿಡಿದುಕೊಟ್ಟಳು. “ನೀನ್ಯಾಕೆ ಎದ್ದೆ? ನಿಂಗೆ ಈ ಹಾಡು ಹೆಂಗೆ ಗೊತ್ತು?” ಎಂದೆ.

“ನಮ್ಮನೆ ಕಿಟಕಿ ಎಲ್ಲಿತ್ತು ಮಾರಾಯ? ಎದುರಿಗೇ ಅಲ್ವಾ! ಈ ಹಾಡು ಶುರುವಾದ ತಕ್ಷಣ ಎದ್ದು ನಿನ್ನ ಊಟ ಬಿಸಿಗಿಡ್ತಿದ್ದೆ. ನೀನು ಮೆಟ್ಲು ಹತ್ತೋ ಹೊತ್ತಿಗೆ ಸರಿಯಾಗಿ ಬಿಸಿ ಆಗ್ತಿತ್ತು. ಹದಿನಾಲ್ಕು ವರ್ಷ ತಣ್ಣಗಿನ ಊಟ ಮಾಡಿದ್ಯಾ ನೀನು?”

ಮಾಡಿರಲಿಲ್ಲ. ಒಂದು ದಿನವೂ ಮಾಡಿರಲಿಲ್ಲ, ಅದು ಹೇಗೆಂದು ಕೇಳಬೇಕು ಅಂತಲೂ ನನಗೆ ಹೊಳೆದಿರಲಿಲ್ಲ. ಪಕ್ಕದ ಹೆಂಗಸರೆಲ್ಲ ನಾವೂ ಹಾಗೇ ಎನ್ನುವಂತೆ ತಲೆಯಾಡಿಸುತ್ತಿದ್ದರು.

ಆರ್ಡೆಲ್ಲಾ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದಳು. ಇಮಾನಿ ಓಡಿ ಬಂದು ಸಮಿತಿಯವರು ಒಪ್ಪಿದರು, ಪಿಯಾನೋ ತೆಗೆಯುತ್ತಾರೆ ಎಂದು ಹೇಳಿದರೂ ಅವಳು ತಿರುಗಲಿಲ್ಲ. ಚೀಲದಿಂದ ಆ ರೆಕಾರ್ಡಿನ ಲಕೋಟೆ ತೆಗೆದಳು. ‘ಪೆಟಿಗ್ರೂ, ೧೯೬೬’ ಎಂಬುದರ ಕೆಳಗೆ ‘ಬಾರು ಮುಚ್ಚುವ ಹಾಡು’ ಎಂದು ಮೊನ್ನೆಯೇ ಬರೆದಿದ್ದಳು. ಪೆನ್ಸಿಲಿನ ತುದಿ ನಾಲಿಗೆಗೆ ಒತ್ತಿ, ವರ್ನೀಸಳನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಇನ್ನೊಂದು ಸಾಲು ಸೇರಿಸಿದಳು: ‘ಮನೆಗಳಲ್ಲಿ, ಊಟ ಬಿಸಿಗಿಡುವ ಹಾಡು.’