ಕೂದಲು ಬೆಳೆದ ನಾಯಿಮರಿ

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಮುಳಬಾಗಿಲು ಕಡೆ ಕುರಿಗಳಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ದೇವರಾಯಸಮುದ್ರದಲ್ಲಿ ಕುರಿ ಕಾಯುವ ವೆಂಕಟಮ್ಮ ತಮ್ಮ ನಾಯಿಯನ್ನು ಎಳೆದುಕೊಂಡು ಬಂದರು. ಅದನ್ನು ಮರಿಯಾಗಿದ್ದಾಗ ಕೊಟ್ಟಿದ್ದ ಮುನಿಯಪ್ಪನೂ ಜೊತೆಗಿದ್ದ.

“ಉತ್ತರಾಣಿ ಮುಳ್ಳು ಅಂಟ್ಕೋಬಾರ್ದು ಅಂತ ಗಿಡ್ಡ ಕೂದ್ಲಿನ ಮರಿ ಕೇಳಿದ್ದೆ ಸಾಮಿ. ಇದು ನೋಡಿದ್ರೆ ಕರಡಿ ಹಂಗೆ ಬೆಳೀತು. ಇವ್ನು ಮೋಸ ಮಾಡ್ಬಿಟ್ಟ.”

“ಇದರ ಅಪ್ಪ ಅಮ್ಮ ಎರಡಕ್ಕೂ ಗಿಡ್ಡ ಕೂದ್ಲೇ ಅಕ್ಕ,” ಎಂದ ಮುನಿಯಪ್ಪ ಅಳುವಂತಿದ್ದ.

“ಅದು ನಿಜ ಇರಬಹುದಮ್ಮ. ಉದ್ದ ಕೂದಲಿನ ಗುಣ ಎರಡರೊಳಗೂ ಅಡಗಿದ್ರೆ ಮರೀಲಿ ಹೊರಗೆ ಬರುತ್ತೆ,” ಎಂದೆ.

ವೆಂಕಟಮ್ಮ ಕೂತು ನಾಯಿಯ ಮೈಯಿಂದ ಮುಳ್ಳು ಬಿಡಿಸತೊಡಗಿದರು. ಅದು ಅವರ ಕೈ ನೆಕ್ಕಿತು.

“ಕುರಿಗಳ ಜೊತೆ ಇದಕ್ಕೂ ಕತ್ತರಿ ಹಾಕ್ತೀನಿ ಬಿಡು ಮುನಿಯಪ್ಪ.”

ಮುಂದಿನ ಸಲ ಹೋದಾಗ, ಉಣ್ಣೆ ಕತ್ತರಿಸಿದ ಮಂದೆಯಲ್ಲಿ ನಾನು ಚುಚ್ಚಲು ಹಿಡಿದುಕೊಂಡ ಕುರಿ ಬೊಗಳಿತು.