ಕೈ ಜಾರುತ್ತದೆ ಎಂದು ಗೊತ್ತಿದ್ದವರು

ಸಿಟ್ಟು ಅವರಿಗೆ ಮೊದಲು ಬರುತ್ತಿದ್ದದ್ದು ಕಿವಿಗೆ. ಮುಖ ಎಂದಿನಂತೆಯೇ ಇರುತ್ತಿತ್ತು, ಧ್ವನಿಯೂ ಏರುತ್ತಿರಲಿಲ್ಲ. ಬಿಳಿ ಹರಳಿನ ಬೆಂಡೋಲೆ ತೊಟ್ಟ ಹಾಲೆಗಳು ಮೆಲ್ಲಗೆ ಕೆಂಪಾಗಿ, ಆ ಕೆಂಪು ಕಿವಿಯ ತುದಿಯವರೆಗೂ ಹತ್ತುತ್ತಿತ್ತು. ಜೋಗೇಶ್ವರಿಯ ನಮ್ಮ ಕಾರ್ಖಾನೆಯಲ್ಲಿ ಅದನ್ನು ಮೊದಲು ಕಂಡವರು ಉಳಿದವರಿಗೆ ಕಣ್ಸನ್ನೆ ಮಾಡುತ್ತಿದ್ದರು.

ಹೋಟೆಲ್ ಅಡುಗೆಮನೆಗೆ ಬೇಕಾದ ಯಂತ್ರಗಳನ್ನು ಮಾಡುವ ಸಣ್ಣ ಕಾರ್ಖಾನೆ ಅದು. ಅವರು ಅಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥೆ, ಎಲ್ಲರಿಗೂ ಮೇಡಂ. ಮೂಲ ಉಡುಪಿ ಕಡೆ, ಮನೆ ಭಾಂಡುಪ್‌ನಲ್ಲಿ. ಇಂಜಿನಿಯರಿಂಗ್ ಓದಿ ಮುಂಬಯಿಗೆ ಬಂದವರ ತಲೆ ಇಲ್ಲೇ ನರೆತಿತ್ತು, ಕನ್ನಡ ಮಾತ್ರ ಊರಿನದೇ ಉಳಿದಿತ್ತು. ದಹಿಸರ್‌ನಲ್ಲಿ ಹುಟ್ಟಿ ಬೆಳೆದ ನನ್ನ ಕನ್ನಡದಲ್ಲಿ ಅರ್ಧ ಹಿಂದಿ. ಅದನ್ನು ಕೇಳಿದಾಗಲೂ ಅವರ ಕಿವಿ ಸ್ವಲ್ಪ ಬಣ್ಣ ತಿರುಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದೂರು ಬಂತು. ನಮ್ಮ ಕಾಯಿ ತುರಿಯುವ ಯಂತ್ರದಲ್ಲಿ ಯಾರದೋ ಬೆರಳಿಗೆ ಗಾಯವಾಗಿತ್ತು. ಆ ಯಂತ್ರವನ್ನು ನೀವೂ ನೋಡಿರಬಹುದು: ಮೋಟಾರಿನ ತುದಿಯಲ್ಲಿ ಹಲ್ಲುಗಳಿರುವ ಒಂದು ಗುಂಡು ಗಿರ್ರನೆ ತಿರುಗುತ್ತದೆ, ಒಡೆದ ತೆಂಗಿನಕಾಯಿಯ ಹೋಳನ್ನು ಅಂಗೈಯಲ್ಲಿ ಹಿಡಿದು ಅದಕ್ಕೆ ಒತ್ತಬೇಕು. ಕೈಗೂ ಹಲ್ಲಿಗೂ ನಡುವೆ ಇರುವುದು ಬರೀ ಕರಟ. ನಾವು ಹಾಕಿಕೊಟ್ಟಿದ್ದ ರಕ್ಷಣೆಯ ಜಾಲರಿಯನ್ನು ಹೋಟೆಲಿನವರು ಬಿಚ್ಚಿ ಇಟ್ಟಿದ್ದರು. ಸಂಜೆಯ ಹೊತ್ತಿಗೆ ನಾನು ಕಂಪ್ಯೂಟರಿನಲ್ಲಿ ಬಿಚ್ಚಲಾಗದಂಥ ಹೊಸ ಜಾಲರಿ ಬರೆದು ತೋರಿಸಿದೆ.

"ಚಂದ ಉಂಟು," ಎಂದರು ಮೇಡಂ. "ಆ ಹೋಟೆಲಿಗೆ ಹೋಗಿದ್ದಿಯಾ ನೀನು?"

"ಇಲ್ಲ ಮೇಡಂ. ಫೋಟೋ ಕಳಿಸಿದ್ರು."

"ಅವರು ಜಾಲರಿ ಯಾಕೆ ಬಿಚ್ಚಿದ್ದು ಅಂತ ಕೇಳಿದ್ದಿಯಾ?"

"ಕೇರ್‌ಲೆಸ್ ಇರ್ತಾರಲ್ಲ ಮೇಡಂ."

ಕಿವಿ ಕೆಂಪಾಯಿತು. "ಏಳು ಮಾರಾಯ್ತಿ, ಪರ್ಸ್ ತಗೋ," ಎಂದವರೇ ನನ್ನನ್ನು ಕರೆದುಕೊಂಡು ಹೊರಟರು.

ಸ್ಟೇಷನ್ ಹತ್ತಿರದ ಆ ಹೋಟೆಲಿನ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದವನು ಬಾಗಲಕೋಟೆ ಕಡೆಯವನು. ಅಲ್ಲಿ ಎಲ್ಲರೂ ಅವನನ್ನು ಚಟ್ನಿ ಅಣ್ಣ ಎನ್ನುತ್ತಿದ್ದರು. ಮೇಡಂ ಒಂದು ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿ ಅವನ ಪಕ್ಕ ಕುಳಿತೇಬಿಟ್ಟರು. ಬಹಳ ಹೊತ್ತು ಅವನ ಕೈಗಳನ್ನೇ ನೋಡಿದರು. ಆಮೇಲೆ ಜಾಲರಿಯ ವಿಷಯ ಕೇಳಿದರು.

"ಜಾಳಿಗಿ ಇದ್ರ ಕಾಯಿ ಕಾಣೂದಿಲ್ರಿ ಅಕ್ಕಾರ," ಎಂದ ಅವನು. "ಕಣ್ಣ ಮುಚ್ಚಿ ತುರದಂಗ ಆಗತೈತಿ. ಮುಂಜಾನೆ ಗಿರಾಕಿ ಬರೂದ್ರಾಗ ಚಟ್ನಿ ಆಗ್ಬೇಕ್ರಿ. ಅದಕ್ಕ ತಗದ್ ಇಟ್ಟೀವ್ರಿ."

ವಾಪಸು ಬರುವಾಗ ಮೇಡಂ ಹೇಳಿದ್ದು ಇವತ್ತಿಗೂ ನನ್ನ ಕೆಲಸಕ್ಕೆ ಆಧಾರ. "ಕೈಗೆ ಪೆಟ್ಟಾಗದ ಹಾಗೆ ಬೇಲಿ ಹಾಕುವುದು ಹೇಗೆ ಅಂತ ನೀನು ಯೋಚನೆ ಮಾಡಿದ್ದು. ಕೈ ಅಲ್ಲಿಗೆ ಯಾಕೆ ಬರ್ಬೇಕು ಅಂತ ಕೇಳ್ಲೇ ಇಲ್ಲ. ನಾವು ಹಾಕಿದ್ದನ್ನು ಅವರು ಬಿಚ್ಚಿ ಬಿಸಾಡಿದ್ರೆ ಅದು ನಮ್ಮ ಡಿಸೈನಿನ ತಪ್ಪು, ಅವರದ್ದಲ್ಲ."

ಅಂದಿನಿಂದ ನಮ್ಮ ವಿಭಾಗ ತೆಂಗಿನಕಾಯಿಯ ಹಿಂದೆ ಬಿತ್ತು. ಹೋಳನ್ನು ಕೈಯ ಬದಲು ಯಂತ್ರವೇ ಹಿಡಿಯಬೇಕು, ಮನುಷ್ಯ ದೂರದಿಂದ ಒಂದು ಹಿಡಿಕೆ ಒತ್ತಿದರೆ ಸಾಕು. ಹೇಳಲಿಕ್ಕೆ ಸುಲಭ. ಆದರೆ ಒಂದು ಕಾಯಿ ಇನ್ನೊಂದರಂತೆ ಇರುವುದಿಲ್ಲ. ರಬ್ಬರಿನ ಬಟ್ಟಲು ಮಾಡಿದೆವು, ನೀರು ತಾಗಿದೊಡನೆ ಹೋಳು ಜಾರಿತು. ಉಕ್ಕಿನ ಉಗುರುಗಳನ್ನು ಇಟ್ಟೆವು, ಎಳೆಯ ಕಾಯಿಯ ಕರಟ ಒಡೆದು ಚೂರು ಗೋಡೆಗೆ ಹಾರಿತು. ನಾನು ಬೇಸರದಿಂದ ಕುಳಿತರೆ ಮೇಡಂ ಖುಷಿಯಾಗಿ ಚೂರುಗಳನ್ನು ಹೆಕ್ಕುತ್ತಿದ್ದರು. "ಒಳ್ಳೇದಾಯ್ತು ಮಾರಾಯ್ತಿ, ಇಲ್ಲೇ ಒಡೀತು. ಅಲ್ಲಿ ಒಡೆದಿದ್ರೆ ಅವನ ಕಣ್ಣಿಗೆ ಹೋಗ್ತಿತ್ತು."

ಒಂದು ಮಳೆಗಾಲದ ಸಂಜೆ ಸ್ಟೇಷನ್ ಸೇತುವೆಯ ಕೆಳಗೆ ಕೊಡೆ ರಿಪೇರಿಯವನ ಮುಂದೆ ಅವರು ನಿಂತುಬಿಟ್ಟರು. ಲೋಕಲ್ ಬಂತು, ಹೋಯಿತು, ಮತ್ತೊಂದು ಬಂತು. ಕೊಡೆಯ ಕಡ್ಡಿಗಳೆಲ್ಲ ಕೋಲಿನ ಮೇಲೆ ಸರಿಯುವ ಒಂದೇ ಬಳೆಗೆ ಜೋಡಿಸಿಕೊಂಡಿರುತ್ತವಲ್ಲ, ಬಳೆ ಸರಿದಷ್ಟು ಎಲ್ಲವೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಮಡಚುತ್ತವೆ. ಹಿಡಿಯುವ ಬೆರಳುಗಳನ್ನು ಹಾಗೆಯೇ ಒಂದು ಬಳೆಗೆ ಕಟ್ಟಿದರೆ ಕಾಯಿ ದೊಡ್ಡದಿರಲಿ ಚಿಕ್ಕದಿರಲಿ, ಸುತ್ತಲೂ ಸಮನಾಗಿ ತಬ್ಬಿಕೊಳ್ಳುತ್ತವೆ. ಅದು ಹೊಳೆದ ಗಳಿಗೆ ನಾನು ಪಕ್ಕದಲ್ಲೇ ಇದ್ದೆ. ಅವರ ಮುಖ ಹುಡುಗಿಯ ಮುಖವಾಗಿತ್ತು.

ಆದರೆ ಅದು ಗಳಿಗೆಯ ಮಾತು. ಮರುದಿನದಿಂದ ಅವರು ಮಾಡಿದ ಕೆಲಸವೆಂದರೆ ತಮ್ಮದೇ ಯೋಚನೆಯನ್ನು ಕೆಡವಲು ನೋಡಿದ್ದು. ಒದ್ದೆ ಕಾಯಿ, ಓರೆ ಒಡೆದ ಕಾಯಿ, ಎಳೆಯದು, ಬಲಿತದ್ದು, ಎಲ್ಲವನ್ನೂ ಅದಕ್ಕೆ ಒಡ್ಡಿದರು. ಚಟ್ನಿ ಅಣ್ಣನ ಕೈಗೆ ಕೊಟ್ಟು "ಬೈಯಿ ಇದಕ್ಕೆ" ಎಂದರು. "ಕೈಲೆ ಮಾಡಿದಷ್ಟ ಲಗು ಆಗಂಗಿಲ್ರಿ," ಎಂದ. ಮತ್ತೆ ಬಿಚ್ಚಿದರು. ಕಾಯಿ ಕೂರಿಸಲು ಒಂದೇ ಎಳೆತ ಸಾಕಾಗುವಂತೆ, ಹಿಡಿಕೆ ಬಿಟ್ಟೊಡನೆ ಮೋಟಾರು ನಿಲ್ಲುವಂತೆ ಮಾಡಿದರು. ನಮ್ಮ ಊಟದ ಡಬ್ಬಿಗೂ ಕಾಯಿಯ ವಾಸನೆ ಹತ್ತಿತ್ತು. ಕೊನೆಗೊಂದು ದಿನ ಚಟ್ನಿ ಅಣ್ಣ ಬೈಯಲಿಲ್ಲ. ಯಂತ್ರವನ್ನು ವಾಪಸು ಕೊಡಲೂ ಇಲ್ಲ. ಕಾರ್ಖಾನೆಯಲ್ಲಿ ಆ ಹಿಡಿತಕ್ಕೆ 'ಕೊಡೆ' ಎಂದೇ ಹೆಸರಾಯಿತು. ಹಳೆಯ ಯಜಮಾನರು ಬಂದು ನೋಡಿ, ಇನ್ನು ಮುಂದೆ ಕೊಡೆ ಇಲ್ಲದ ಯಂತ್ರ ಇಲ್ಲಿಂದ ಹೊರಗೆ ಹೋಗಬಾರದು ಎಂದರು.

ಯಜಮಾನರಿಗೆ ಪಾರ್ಶ್ವವಾಯು ಆಗಿ ಮಗ ಕುರ್ಚಿಗೆ ಬಂದ. ನನಗೆ ಮೈ ಉರಿಯುವುದು ಇಲ್ಲಿಂದ. ಅವನ ಬಾಯಲ್ಲಿ ಯಾವಾಗಲೂ ಕ್ರಿಯೇಟಿವಿಟಿ. ಗೋಡೆಗಳಿಗೆ ಹಳದಿ ಬಣ್ಣ ಬಳಿಸಿದ, ಕೂರಲು ಮೆತ್ತೆಗಳನ್ನು ತರಿಸಿದ. ಕಾಯಿ ಒಡೆದು ಒಡೆದು ನಾವು ನೋಡುತ್ತಿದ್ದ ಮೂಲೆಯನ್ನು ಗಲೀಜು ಎಂದು ತೆಗೆಸಿದ. ಯಂತ್ರಕ್ಕೆ ಮಿನುಗುವ ಗುಂಡಿಗಳನ್ನೂ ಕೆಂಪು ಮೈಯನ್ನೂ ಕೊಟ್ಟ. ಕೊಡೆಯನ್ನು ಕಿತ್ತು, ಬೇಕಾದವರು ಬೇರೆ ದುಡ್ಡು ಕೊಟ್ಟು ತೆಗೆದುಕೊಳ್ಳಲಿ ಎಂದು ಬೇರೆ ಪೆಟ್ಟಿಗೆಗೆ ಹಾಕಿಸಿದ. ಮೇಡಂ ಮಾತಾಡಲು ಹೋದರೆ "ಮೇಡಂ, ಯು ಆರ್ ಜೀನಿಯಸ್, ಲೇಕಿನ್ ಮಾರ್ಕೆಟ್ ನಿಮಗೆ ಸಮಝ್ ಆಗಲ್ಲ" ಎಂದು ನಕ್ಕ.

ಚಟ್ನಿ ಅಣ್ಣ ಅಷ್ಟರಲ್ಲಿ ದಹಿಸರ್‌ನ ಹೊಸ ಹೋಟೆಲೊಂದಕ್ಕೆ ಸೇರಿದ್ದ. ಅಲ್ಲಿಗೆ ಹೋದದ್ದು ನಮ್ಮದೇ ಕೆಂಪು ಯಂತ್ರ, ಕೊಡೆ ಇಲ್ಲದ್ದು. ಸುದ್ದಿ ಬಂದಾಗ ಮೇಡಂ ಮತ್ತು ನಾನು ಆಸ್ಪತ್ರೆಗೆ ಓಡಿದೆವು. ಬಲಗೈಯ ಬೆರಳುಗಳು ಹೋಗಿದ್ದವು, ಹೆಬ್ಬೆರಳು ಉಳಿದಿತ್ತು. ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದವನು ಮೇಡಂರನ್ನು ಕಂಡು ಏಳಲು ನೋಡಿದ.

"ಮಷೀನ್ ಭಾರಿ ಐತ್ರಿ ಅಕ್ಕಾರ," ಎಂದ, ನಮಗೆ ಸಮಾಧಾನ ಹೇಳುವವನ ಹಾಗೆ. "ನನ್ನ ಕೈನ ಜಾರಿತ್ರಿ. ತಪ್ಪ ನಂದ ಐತಿ."

ಕಿವಿ ಮಾತ್ರವಲ್ಲ, ಮೇಡಂರ ಕುತ್ತಿಗೆಯೂ ಕೆಂಪಾದದ್ದನ್ನು ನಾನು ಕಂಡದ್ದು ಅವತ್ತೇ. ಅವನ ಎಡಗೈಯನ್ನು ಹಿಡಿದುಕೊಂಡರು. "ಹಾಗೆ ಹೇಳ್ಬೇಡ ನೀನು. ಯಾರು ಕೇಳಿದ್ರೂ ಹಾಗೆ ಹೇಳ್ಬೇಡ. ಒದ್ದೆ ಕೈ ಜಾರಿಯೇ ಜಾರ್ತದೆ. ಅದು ಗೊತ್ತಿದ್ದೇ ಮಷೀನ್ ಮಾಡ್ಬೇಕಾದದ್ದು ನಾವು. ನಮಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದು."

ಅದೇ ವಾರ ಹೋಟೆಲ್ ಉಪಕರಣಗಳ ದೊಡ್ಡ ಪ್ರದರ್ಶನ ನಡೆಯುತ್ತಿತ್ತು. ನಮ್ಮ ಸ್ಟಾಲಿನ ಹಿಂದೆ ಆಳೆತ್ತರದ ಚಿತ್ರ: ಒಂದು ಕಡೆ ಬಿಚ್ಚಿದ ಕೊಡೆ, ಇನ್ನೊಂದು ಕಡೆ ತೆಂಗಿನಕಾಯಿ. ಮಗ ಮೈಕ್ ಹಿಡಿದು ಹೇಳುತ್ತಿದ್ದ: ನಮ್ಮ ಡಿಸೈನರ್ ಒಂದು ಮಳೆಯ ಸಂಜೆ ಕೊಡೆಯನ್ನು ನೋಡಿದರು, ಫ್ಲ್ಯಾಶ್ ಆಯಿತು, ಅದೇ ಕ್ರಿಯೇಟಿವಿಟಿ. ಅವನ ಪಕ್ಕದಲ್ಲಿ ಮಿನುಗುತ್ತಿದ್ದ ಕೆಂಪು ಯಂತ್ರಕ್ಕೆ ಕೊಡೆಯೇ ಇರಲಿಲ್ಲ. ಕಥೆಯನ್ನು ಇಟ್ಟುಕೊಂಡು ವಸ್ತುವನ್ನು ಬಿಸಾಡಿದ್ದರು. ಇಷ್ಟು ನಾಚಿಕೆಗೇಡಿನದನ್ನು ನನ್ನ ವೃತ್ತಿಯಲ್ಲಿ ನಾನು ಬೇರೆ ನೋಡಿಲ್ಲ.

ಮೇಡಂ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದರು. ತೋರಿಸಲೆಂದು ಇಟ್ಟಿದ್ದ ಕಾಯಿಯ ಹೋಳೊಂದನ್ನು ಎತ್ತಿಕೊಂಡು, ಯಾರದೋ ಬಾಟಲಿಯ ನೀರು ಸುರಿದು ಒದ್ದೆ ಮಾಡಿ, ಮಗನ ಕೈಗೆ ಕೊಟ್ಟರು. ಯಂತ್ರದ ಗುಂಡಿ ಒತ್ತಿದರು.

"ಹೆರೆ," ಎಂದರು.

"ಸಾರಿ?"

"ಕಾಯಿ ಹೆರೆ. ತುರಿ. ನಿನ್ನದೇ ಮಷೀನ್ ಅಲ್ವಾ? ಇವರಿಗೆಲ್ಲ ತೋರಿಸು."

"ಮೇಡಂ, ಪ್ಲೀಸ್. ಯೇ ಜಗಾ ನಹೀ ಹೈ. ಆಫೀಸ್‌ನಲ್ಲಿ ಮಾತಾಡೋಣ."

"ಆಫೀಸಿನಲ್ಲಿ ಮಾತಾಡಿ ಆಯ್ತು. ಹೆರೆ ಈಗ."

ಸುತ್ತ ನಿಂತವರು ನೋಡುತ್ತಿದ್ದರು. ಅವನು ಹೋಳನ್ನು ಹಲ್ಲಿನ ಹತ್ತಿರ ಒಯ್ದ. ಗುಂಡು ಗಿರ್ರೆನ್ನುತ್ತಿತ್ತು. ಕೈ ತಾನಾಗಿ ಹಿಂದೆ ಬಂತು. ಇನ್ನೊಮ್ಮೆ ಒಯ್ದ, ಇನ್ನೊಮ್ಮೆ ಹಿಂದೆ ಬಂತು.

"ಹೆದರಿಕೆ ಆಗ್ತದೆ ಅಲ್ವಾ?" ಎಂದರು ಮೇಡಂ, ಧ್ವನಿ ಏರಿಸದೆ. "ಆಗ್ಬೇಕು. ಆ ಹೆದರಿಕೆಯಿಂದಲೇ ನಾವು ಕೆಲಸ ಶುರು ಮಾಡಿದ್ದು. ಕೊಡೆ ನೋಡಿದ್ದು ಒಂದು ಸಂಜೆ. ಅದಕ್ಕೆ ಮೊದಲು, ಅದರ ನಂತರ ಎಷ್ಟು ಕಾಯಿಯ ಗೆರಟೆ ಒಡೆದಿದ್ದೇವೆ, ಅದನ್ನು ಹೇಳು ಮೈಕಿನಲ್ಲಿ. ದಹಿಸರ್‌ನಲ್ಲಿ ಒಬ್ಬ ಮಲಗಿದ್ದಾನೆ, ಅವನ ಕೈಯನ್ನೂ ಹೇಳು."

ತಾವೇ ಯಂತ್ರ ನಿಲ್ಲಿಸಿ ಹೊರಗೆ ನಡೆದರು. ನಾನೂ ಹಿಂದೆ ನಡೆದೆ. ಅವರಿಗೆ ಮತ್ತೆ ಕಾರ್ಖಾನೆಯ ಬಾಗಿಲು ತೆರೆಯಲಿಲ್ಲ. ಸ್ವಲ್ಪ ದಿನದಲ್ಲಿ ನಾನೂ ಬಿಟ್ಟೆ.

ಮನೆಯಲ್ಲಿ ಕುಳಿತು ಬೈಯುತ್ತಾರೆ ಎಂದುಕೊಂಡಿದ್ದೆ. ಭಾಂಡುಪ್‌ಗೆ ಹೋದರೆ ಊಟದ ಮೇಜಿನ ಮೇಲೆ ಮತ್ತೆ ಕರಟದ ಚೂರು. ಹಳೆಯದನ್ನು ಪಕ್ಕಕ್ಕಿಟ್ಟು ಹೊಸದಾಗಿ, ಬೇರೆಯೇ ರೀತಿಯ ಹಿಡಿತ ಬರೆಯುತ್ತಿದ್ದರು. ಈ ಸಲ ಪ್ರಶ್ನೆಯೂ ಬೇರೆ. "ಒಂದೇ ಕೈ ಇರುವವನಿಗೆ ಮಾಡಿದ್ರೆ ಎರಡು ಕೈ ಇರುವವನಿಗೆ ಇನ್ನೂ ಸುಲಭ ಆಗ್ತದೆ," ಎಂದರು. ಚಟ್ನಿ ಅಣ್ಣ ಎದುರು ಕುಳಿತು ಎಡಗೈಯಲ್ಲಿ ಹಿಡಿಕೆ ಒತ್ತಿ ನೋಡುತ್ತಿದ್ದ. ಮೊದಲಿನಂತೆಯೇ ಬೈಯುತ್ತಿದ್ದ. ಮೊದಲಿನಂತೆಯೇ ಮೇಡಂ ಬಿಚ್ಚುತ್ತಿದ್ದರು.

ಅದು ಮುಗಿದ ಮೇಲೆ ನಕ್ಷೆಗಳನ್ನು ಜೋಗೇಶ್ವರಿಯ ಸಣ್ಣ ವರ್ಕ್‌ಶಾಪುಗಳಲ್ಲಿ ಕೇಳಿದವರಿಗೆಲ್ಲ ಕೊಟ್ಟರು. ಒಂದೇ ಕರಾರು: ಹಿಡಿತ ಬಿಟ್ಟು ಬರೀ ಯಂತ್ರ ಮಾಡಕೂಡದು. ಇವತ್ತು ಉಪನಗರದ ಎಷ್ಟೋ ಅಡುಗೆಮನೆಗಳಲ್ಲಿ ಅದೇ ಇದೆ. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿಲ್ಲ. ಚಟ್ನಿ ಅಣ್ಣ ಬೊರಿವಲಿಯ ಹೋಟೆಲೊಂದರಲ್ಲಿ ಅದರಲ್ಲೇ ಕಾಯಿ ತುರಿಯುತ್ತಾನೆ.

ಮೇಡಂಗೆ ಕಾಯಿಲೆ ಬಂದಾಗ ನೋಡಲು ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಮಾತು ಕಷ್ಟವಾಗಿತ್ತು, ಆದರೆ ಆಸ್ಪತ್ರೆಯ ಮಂಚದ ಮೇಲೂ ಸಿಟ್ಟು ಹಾಗೆಯೇ ಇತ್ತು. ಕಣ್ಣಿನಲ್ಲೇ ತಲೆಯ ಹಿಂದಿನ ಗೋಡೆಯನ್ನು ತೋರಿಸಿದರು. ನರ್ಸನ್ನು ಕರೆಯುವ ಗುಂಡಿ ಅಲ್ಲಿ ಮೇಲೆ ಇತ್ತು.

"ಬೆಲ್ ಎಲ್ಲಿಟ್ಟಿದ್ದಾರೆ ನೋಡು," ಎಂದರು. "ಅದನ್ನು ಇಟ್ಟವ ಒಮ್ಮೆಯೂ ಇಲ್ಲಿ ಮಲಗಿ ನೋಡ್ಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು, "ನೀನಾದ್ರೂ ಮಲಗಿ ನೋಡು. ಎಂತ ಮಾಡುವುದಿದ್ರೂ," ಎಂದರು. ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು.

ಶೋಕಸಭೆಯನ್ನು ಏರ್ಪಡಿಸಿದ್ದು ಯಾರೆಂದುಕೊಂಡಿರಿ? ಅದೇ ಮಗ. ಹೂವಿನ ಹಾರದ ಪಕ್ಕ ನಿಂತು ಕೊಡೆಯ ಕಥೆಯನ್ನು ಮತ್ತೆ ಹೇಳಿದ. ಅವರ ಹೆಸರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಕ್ರಿಯೇಟಿವಿಟಿ ಬಹುಮಾನವನ್ನೂ ಸಾರಿದ. ಆಮೇಲೆ ನನಗೆ ಫೋನ್ ಮಾಡಿ ತೀರ್ಪುಗಾರಳಾಗಬೇಕೆಂದು ಕೇಳಿದ.

"ಮಕ್ಕಳು ಏನು ಮಾಡಿ ತೋರಿಸಬೇಕು?" ಎಂದು ಕೇಳಿದೆ.

"ಸಿಂಪಲ್. ಸ್ಟೇಜ್ ಮೇಲೆ ಬಂದು ಒಂದು ಐಡಿಯಾ ಹೇಳೋದು. ಬೆಸ್ಟ್ ಐಡಿಯಾಗೆ ಪ್ರೈಜ್."

"ಮಾಡಿ ನೋಡಬೇಕಾಗಿಲ್ಲವಾ? ಯಾರ ಕೈಗಾದರೂ ಕೊಟ್ಟು?"

"ಅಷ್ಟು ಟೈಮ್ ಯಾರಿಗಿದೆ? ಐಡಿಯಾನೇ ತೋ ಮೇನ್ ಹೈ ನಾ?"

"ಕೊಡೆಯನ್ನು ಈಗಲೂ ಬೇರೆ ಪೆಟ್ಟಿಗೆಯಲ್ಲೇ ಮಾರ್ತಾ ಇದ್ದೀರಾ?"

"ಮಾರ್ಕೆಟ್ ಹಾಗಿದೆ ಮೇಡಂ," ಎಂದ. ಅವನು ನನ್ನನ್ನೂ ಮೇಡಂ ಎಂದದ್ದಕ್ಕೆ ನನಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು.

"ಹಾಗಾದರೆ ಅವರ ಹೆಸರನ್ನು ತೆಗೆಯಿರಿ," ಎಂದೆ. "ಬಹುಮಾನ ಏನಾದರೂ ಕೊಡಿ, ಯಾರಿಗಾದರೂ ಕೊಡಿ. ಆ ಹೆಸರು ಬೇಡ."

ತೆಗೆಯಲಿಲ್ಲ. ಪ್ರತಿ ವರ್ಷ ದೀಪಗಳ ಕೆಳಗೆ ಯಾರೋ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಹಿಂದಿನ ಪರದೆಯ ಮೇಲೆ ಒಂದು ಕೊಡೆ ಬಿಚ್ಚಿಕೊಳ್ಳುತ್ತದೆ. ನಾನು ಇಷ್ಟುದ್ದ ಬರೆದೂ ಮೇಡಂರ ಹೆಸರನ್ನು ಎಲ್ಲಿಯೂ ಬರೆಯದೆ ಇರುವುದು ಅದಕ್ಕೇ. ಆ ಹೆಸರನ್ನು ಕಾರ್ಖಾನೆಯವರು ಇಟ್ಟುಕೊಳ್ಳಲಿ. ಮೇಡಂ ಕಲಿಸಿದ ಸಿಟ್ಟು ನನ್ನ ಹತ್ತಿರ ಇದೆ.